ಎರಡರ ಭೋಂಗಾ

ಹಳಿಯಾಳದ ಬಸ್ ನಿಲ್ದಾಣದಲ್ಲಿ ಕಂಡಕ್ಟರು ‘ಹತ್ತು ನಿಮಿಷ’ ಎಂದು ಕೂಗಿ ಇಳಿದು ಹೋದಾಗ ಶೇಖಪ್ಪ ಮತ್ತೊಮ್ಮೆ ಬೆರಳು ಮಡಚಿ ಎಣಿಸಿದ. ಭಾನುವಾರ ಒಂದು, ಸೋಮವಾರ ಎರಡು, ಮಂಗಳವಾರ ಮೂರು. ದಾಂಡೇಲಿ ಬಿಟ್ಟ ಮೇಲೆ ಇದು ನಾಲ್ಕನೆಯ ಎಣಿಕೆ. ಪ್ರತಿ ಸಲವೂ ಲೆಕ್ಕ ಇವತ್ತಿನ ಮಂಗಳವಾರಕ್ಕೆ ಬಂದು ಹತ್ತಕ್ಕೇ ನಿಲ್ಲುತ್ತಿತ್ತು.

“ಹತ್ತನೇ ದಿನಾನ ಐತಿ ಇವತ್ತು. ಡಾಕ್ಟರು ಹೇಳಿದ್ದು ಬರೋಬ್ಬರಿ,” ಎಂದ. “ಸಂಜೀ ಒಳಗ ಆ ಔಷಧ ಏರಿಸಿಬಿಟ್ರ ಮುಗೀತು.”

ಕಿಟಕಿಯ ಪಕ್ಕ ಅವನ ಹೆಂಡತಿ ಮಧುಮತಿ ಕುಳಿತಿದ್ದಳು. ಮಡಿಲಲ್ಲಿದ್ದ ಮಗಳು ನೀಲಾಳ ಬಲಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದಳು. ಉಗುರಿನ ಬುಡದಿಂದ ಚರ್ಮ ಸುಲಿಯುತ್ತಿತ್ತು. ನೆನೆಸಿದ ಬಟಾಣಿಯ ಸಿಪ್ಪೆಯ ಹಾಗೆ ತೆಳ್ಳಗೆ, ಬಿಳಿಯಾಗಿ. ಕೆಳಗೆ ಹೊಸ ಚರ್ಮ ಕೆಂಪಗೆ ಮಿನುಗುತ್ತಿತ್ತು. ಮಗುವಿಗೆ ನೋವಿರಲಿಲ್ಲ. ಜ್ವರ ಬಿಟ್ಟು ಮೂರು ದಿನವಾಗಿತ್ತು. ಇವತ್ತು ಬೆಳಿಗ್ಗೆ ಬೆರಳು ತೋರಿಸಿ ಮುಲಾಮು ಬರೆಸಿಕೊಂಡು ಬರೋಣವೆಂದೇ ಅವರು ದಾಂಡೇಲಿಯ ಡಾಕ್ಟರ ಬಳಿಗೆ ಹೋಗಿದ್ದರು. ಬಸ್ ನಿಲ್ದಾಣದ ಹಿಂದಿನ ಆ ವಯಸ್ಸಾದ ಡಾಕ್ಟರು ಬೆರಳುಗಳನ್ನು ಬಹಳ ಹೊತ್ತು ನೋಡಿದರು. ನಾಲಿಗೆ ನೋಡಿದರು. ತಮ್ಮದೇ ಹಳೆಯ ಚೀಟಿಯಲ್ಲಿ ‘೯ರಿಂದ ಜ್ವರ’ ಎಂದು ಬರೆದದ್ದನ್ನು ಓದಿ ಗೋಡೆಯ ಕ್ಯಾಲೆಂಡರಿನತ್ತ ತಿರುಗಿದರು. ೨೦೦೮ರ ನವೆಂಬರ್ ಹದಿನೆಂಟು.

“ಶೇಖಪ್ಪ, ಮನೀಗೆ ಹೋಗಬ್ಯಾಡ. ಹಂಗ ಹುಬ್ಬಳ್ಳಿ ಬಸ್ ಹತ್ತು,” ಎಂದು ಕಾಗದ ಬರೆದುಕೊಟ್ಟಿದ್ದರು. “ಇದು ಹೃದಯದ ರಕ್ತನಾಳಕ್ಕ ಬಾವು ಬರಸೂ ಜಡ್ಡು ಇರಬೇಕು ಅಂತ ನನ್ನ ಅನುಮಾನ. ಅದಕ್ಕೊಂದು ಔಷಧ ಐತಿ. ಹತ್ತು ದಿನದ ಒಳಗ ಕೊಡಬೇಕು. ತುಟ್ಟಿ ಐತಿ, ಆದ್ರ ಇವತ್ತ ಕೊಡಸು.”

ತುಟ್ಟಿಯ ಮಾತು ಶೇಖಪ್ಪನ ತಲೆಯಲ್ಲಿ ನಿಂತಿರಲಿಲ್ಲ. ಹತ್ತು ಎಂಬ ಅಂಕಿ ಮಾತ್ರ ನಿಂತಿತ್ತು.

ಎದುರು ಸೀಟಿಗೆ ಒಬ್ಬ ಮುದುಕಿ ಬಂದು ಕುಳಿತಳು. ಮೊಣಕೈವರೆಗೆ ಬಿಳಿ ಬಳೆ, ಸೊಂಟದಲ್ಲಿ ಶೇಂಗಾದ ಚೀಲ. ಹಿಂದಿನ ಸೀಟಿನಿಂದ ಯಾರೋ ‘ಜಮುನಾಬಾಯೀ’ ಎಂದು ಅವಳನ್ನು ಕೂಗಿದಾಗ “ಬಂದ್ನೆ, ಜಾಗಾ ಸಿಕ್ಕೈತಿ!” ಎಂದು ಇಡೀ ಬಸ್ಸಿಗೆ ಕೇಳುವಂತೆ ಉತ್ತರ ಕೊಟ್ಟಳು. ಕುಳಿತ ಮೇಲೆ ನೀಲಾಳನ್ನು ನೋಡಿದಳು.

“ಎಷ್ಟು ವರ್ಷದ್ದವ್ವಾ ಕೂಸು?”

“ಮೂರು ತುಂಬಿ ನಾಕು ತಿಂಗಳಾತು, ಆಯಿ,” ಎಂದಳು ಮಧುಮತಿ.

“ನನ್ನ ಮೊಮ್ಮಗ ಇದರಷ್ಟ ಅದಾನ. ಇಷ್ಟೊತ್ತಿಗೆ ಡ್ರೈವರನ್ನ ಇಳಿಸಿ ತಾನ ಬಸ್ ಹೊಡೀತಿದ್ದ. ಇದರ ಬಾಯಿಗೇನು ಕೀಲಿ ಹಾಕೀರೇನು?”

ಶೇಖಪ್ಪ ನಕ್ಕ. “ನಮ್ಮ ಮನ್ಯಾಗ ಗದ್ದಲ ಮಾಡೂ ರೂಢಿ ಇಲ್ಲ, ಆಯಿ. ಶಾಣ್ಯಾ ಐತಿ ಕೂಸು.” ಆ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿತ್ತು.

ಮುದುಕಿ ಒಂದು ಹಿಡಿ ಶೇಂಗಾ ಚಾಚಿದಳು. ನೀಲಾ ಕೈ ಚಾಚಲಿಲ್ಲ. ತಾಯಿಯ ಕಿವಿಗೆ ಬಾಯಿ ಹಚ್ಚಿ, ತುಟಿ ಅಲುಗಿದ್ದಷ್ಟೇ ಕಾಣುವಂತೆ, ತೆಗೆದುಕೊಳ್ಳಲೇ ಎಂದು ಕೇಳಿದಳು.

“ಅಯ್ಯ ನನ ಶಿವನ! ಬಸ್ಸಿನ್ಯಾಗೂ ಪಿಸುಪಿಸು!” ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು. “ಯಾರು ಮಲಗ್ಯಾರಬೇ ಇಲ್ಲೆ?”

ಮಧುಮತಿ ಕಿಟಕಿಯ ಕಡೆ ಮುಖ ತಿರುಗಿಸಿದಳು.

*

ಶೇಖಪ್ಪ ಸವದತ್ತಿ ಕಡೆಯವನು. ದಾಂಡೇಲಿಗೆ ಬಂದು, ಕಾಗದದ ಮಿಲ್ಲಿನಲ್ಲಿ ಕೆಲಸಕ್ಕೆ ಸೇರಿ ಹನ್ನೊಂದು ವರ್ಷವಾಗಿತ್ತು. ಪಾಳಿಗಳು ಮೂರು. ಬೆಳಿಗ್ಗೆ ಆರಕ್ಕೆ ಎ, ಮಧ್ಯಾಹ್ನ ಎರಡಕ್ಕೆ ಬಿ, ರಾತ್ರಿ ಹತ್ತಕ್ಕೆ ಸಿ. ವಾರಕ್ಕೊಮ್ಮೆ ಪಾಳಿ ಬದಲು. ಒಂದೊಂದಕ್ಕೂ ಭೋಂಗಾ ಊದುತ್ತದೆ. ನದಿಯಾಚೆಯ ಕಾಡಿಗೂ ಕೇಳುವ ಆ ಸದ್ದಿಗೆ ಊರಿನವರು ಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು, ಅನ್ನಕ್ಕೆ ಎಸರಿಡುತ್ತಿದ್ದರು.

ಅವರಿದ್ದದ್ದು ಮರದ ಲಾರಿಗಳು ಓಡಾಡುವ ರಸ್ತೆಗೆ ಬಾಗಿಲು ತೆರೆಯುವ ಒಂದು ಬಾಡಿಗೆ ಚಾಳದಲ್ಲಿ. ಎಂಟು ಮನೆ, ಎಂಟರಲ್ಲೂ ಪಾಳಿಯವರು. ರಾತ್ರಿ ಪಾಳಿ ಮುಗಿಸಿ ಬಂದವನ ಹಗಲು ನಿದ್ದೆಗೆ ಚಾಳದಲ್ಲಿ ಒಂದು ಮರ್ಯಾದೆಯಿತ್ತು. ಯಾರ ಮನೆಯವನು ಸಿ ಪಾಳಿಯಲ್ಲಿದ್ದಾನೋ ಅವರ ಬಾಗಿಲ ಚಿಲಕಕ್ಕೆ ಬಿಳಿ ಕಾಗದದ ಉದ್ದನೆಯ ಪಟ್ಟಿ ಕಟ್ಟುತ್ತಿದ್ದರು. ಪಟ್ಟಿ ಕಂಡರೆ ಕಾಯಿಪಲ್ಲೆಯವಳು ಕೂಗುತ್ತಿರಲಿಲ್ಲ, ಪಕ್ಕದ ಮನೆಯ ದುರ್ಗವ್ವ ಖಾರ ಕುಟ್ಟುತ್ತಿರಲಿಲ್ಲ, ಮಕ್ಕಳು ಚೆಂಡು ತೆಗೆದುಕೊಂಡು ಆಚೆ ಹೋಗುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅಂದಾನೆಪ್ಪ, ಶೇಖಪ್ಪನ ಜೊತೆಗಾರ, ಹಗಲು ನಿದ್ದೆ ಸಾಲದೆ ಸೈಕಲ್ಲಿನ ಮೇಲೆಯೇ ತೂಕಡಿಸಿ ಮೋರಿಗೆ ಬಿದ್ದು ಹೆಗಲ ಎಲುಬು ಮುರಿದುಕೊಂಡ ಮೇಲೆ ಆ ಪಟ್ಟಿಯ ಮರ್ಯಾದೆ ಇನ್ನೂ ಹೆಚ್ಚಾಗಿತ್ತು.

ಶೇಖಪ್ಪನ ಮನೆಯಲ್ಲಿ ಪಟ್ಟಿಯ ಜೊತೆಗೆ ಫೆಲ್ಟು ಕೂಡ ಇತ್ತು. ಯಂತ್ರದಲ್ಲಿ ಹಸಿ ಕಾಗದವನ್ನು ಹೊತ್ತು ಸಾಗುವ ಉಣ್ಣೆಯ ದಪ್ಪ ಪಟ್ಟೆ ಅದು. ಸವೆದ ಮೇಲೆ ಬದಲಿಸುತ್ತಾರೆ. ಹಳೆಯದನ್ನು ತುಂಡು ಮಾಡಿ ಮಾರುತ್ತಾರೆ. ಊರಿನಲ್ಲಿ ಅದನ್ನು ಹಾಸದ, ಹೊದೆಯದ ಮನೆಯಿಲ್ಲ. ಶೇಖಪ್ಪ ಅದರ ಎರಡು ಮಡಿಕೆಯನ್ನು ಒಂದೇ ಒಂದು ಕಿಟಕಿಗೆ ಮೊಳೆ ಹೊಡೆದು ಕೂಡಿಸಿದ್ದ. ಬಾಗಿಲಿನ ಒಳಮೈಗೂ ಒಂದು ಪದರ. ಲಾರಿಯ ಸದ್ದು ನಿಂತಿತು. ಬೆಳಕೂ ನಿಂತಿತು. ಮೂರು ವಾರಕ್ಕೊಮ್ಮೆ ಕಿತ್ತು ಮತ್ತೆ ಬಡಿಯುವುದೇಕೆಂದು ಅದು ವರ್ಷವಿಡೀ ಅಲ್ಲೇ ಇತ್ತು. ಮಧುಮತಿ ಹಗಲೂ ಒಂದು ಸಣ್ಣ ಬಲ್ಬು ಹಚ್ಚಿಕೊಂಡು, ಅದಕ್ಕೆ ರಟ್ಟು ಮರೆಮಾಡಿ ಅಡುಗೆ ಮಾಡುತ್ತಿದ್ದಳು. ನೀಲಾ ಹುಟ್ಟಿದ್ದು, ಅಂಬೆಗಾಲಿಟ್ಟದ್ದು, ಎಲ್ಲ ಮಕ್ಕಳಿಗಿಂತ ತಡವಾಗಿ ಹದಿನೆಂಟು ತಿಂಗಳಿಗೆ ನಡೆದದ್ದು ಆ ಮಬ್ಬಿನಲ್ಲೇ. ಹೊರಗೆ ಬಿಟ್ಟರೆ ಲಾರಿಯ ಭಯ.

ಮಾತು ಕಲಿತಾಗಲೇ ಅವಳು ಪಿಸುಗುಡಲು ಕಲಿತಳು. “ಭೋಂಗಾ ಆಗೂತನಕ ಬಾಯಿ ಸಣ್ಣಗ, ಭೋಂಗಾ ಆದಮ್ಯಾಲೆ ದೊಡ್ಡದು,” ಎಂದು ಮಧುಮತಿ ಹೇಳಿಕೊಟ್ಟಿದ್ದಳು. ಸಿ ಪಾಳಿಯ ವಾರದಲ್ಲಿ ಮಧ್ಯಾಹ್ನ ಎರಡರ ಭೋಂಗಾ ಆದೊಡನೆ ಮಗು ಓಡಿಬಂದು ಶೇಖಪ್ಪನ ಎದೆಯ ಮೇಲೆ ಹತ್ತಿ ಕುಳಿತು, “ಯಪ್ಪಾ!” ಎಂದು ಒದರುತ್ತಿದ್ದಳು. ಅವನು ಕಣ್ಣು ಬಿಡುತ್ತಿದ್ದ. ಅವನಿಗೆ ಗೊತ್ತಿದ್ದ ಮಗಳು ಎರಡು ಗಂಟೆಯ ನಂತರದ ಮಗಳು.

*

ಹುಬ್ಬಳ್ಳಿಯ ಮಕ್ಕಳ ಆಸ್ಪತ್ರೆಯಲ್ಲಿ ಅವರ ಪಾಳಿ ಬಂದಾಗ ಒಂದೂವರೆ. ವೈದ್ಯೆ ಐವತ್ತರ ಹೆಂಗಸು, ಕನ್ನಡಕವನ್ನು ದಾರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ದಾಂಡೇಲಿಯ ಕಾಗದವನ್ನು ಎರಡು ಸಲ ಓದಿದರು.

“ಜ್ವರ ಯಾವತ್ತು ಶುರುವಾತು?”

“ಭಾನುವಾರ ರೀ ಮೇಡಂ. ಒಂಬತ್ತನೇ ತಾರೀಖು,” ಎಂದ ಶೇಖಪ್ಪ. ಇದೊಂದು ಪ್ರಶ್ನೆಗೆ ಅವನು ದಾರಿಯುದ್ದಕ್ಕೂ ತಯಾರಾಗಿದ್ದ. “ಆವತ್ತು ನನಗ ರಜಾ. ನಾನ ಮುಟ್ಟಿ ನೋಡೇನಿ. ಅಂಗಳಕ್ಕ ತಂದು ನೋಡಿದ್ರ ಕಣ್ಣು ಕೆಂಪಗ ಆಗಿದ್ದುವು. ಸೋಮವಾರ ಡಾಕ್ಟರ ಕಡೆ ಹೋದ್ವಿ. ಇವತ್ತಿಗೆ ಹತ್ತು ದಿನ.”

ವೈದ್ಯೆ ಮಗುವನ್ನು ಪರೀಕ್ಷಿಸಿದರು. ಬೆರಳು, ತುಟಿ, ಕತ್ತಿನ ಗಂಟು. ಮುಂಗೈಯ ಗಿಣ್ಣನ್ನು ಹಿಡಿದು ನೋಡಿ, ನಿಲ್ಲಿಸಿ ಕಾಲು ನೋಡಿದರು. ಕಾಲು ಸ್ವಲ್ಪ ಬಿಲ್ಲಿನಂತೆ ಬಾಗಿದ್ದವು. “ನಡೀಲಿಕ್ಕೆ ತಡಾ ಮಾಡಿದ್ಲೇನು?” ಎಂದು ಕೇಳಿ ಬರೆದುಕೊಂಡರು. ರಕ್ತ ತೆಗೆಯುವಾಗ ನೀಲಾ ಬಾಯಿ ತೆರೆದಳು, ಕಣ್ಣಲ್ಲಿ ನೀರು ಬಂತು, ಸದ್ದು ಬರಲಿಲ್ಲ. ಸೂಜಿ ಹಿಡಿದಿದ್ದ ನರ್ಸು ತಲೆಯೆತ್ತಿ ನೋಡಿದಳು.

“ಇಂಥಾ ಕೂಸನ್ನ ನಾ ನೋಡೇ ಇಲ್ಲ ಬಿಡ್ರಿ,” ಎಂದಳು.

ಆಮೇಲೆ ಎದೆಯ ಸ್ಕ್ಯಾನು. ಕತ್ತಲ ಕೋಣೆಯಲ್ಲಿ ಹೃದಯದ ಡಾಕ್ಟರು ಮಗುವಿನ ಎದೆಗೆ ತಣ್ಣನೆಯ ಲೋಳೆ ಹಚ್ಚಿ, ಒಂದು ಉಪಕರಣ ಆಡಿಸುತ್ತ ಪರದೆ ನೋಡುತ್ತಿದ್ದರು. ಕತ್ತಲಿಗೆ ನೀಲಾ ಹೆದರಲಿಲ್ಲ. ಶೇಖಪ್ಪ ಪರದೆಯ ಮೇಲೆ ಬೂದು ಬಣ್ಣದ ಏನೋ ಒಂದು ತೆರೆದು ಮುಚ್ಚುವುದನ್ನು ನೋಡಿದ. ಹೃದಯದ ಡಾಕ್ಟರು ಒಂದೇ ಜಾಗವನ್ನು ಮೂರು ಸಲ ಅಳೆದರು.

ನಾಲ್ಕು ಗಂಟೆಗೆ ವೈದ್ಯೆ ಇಬ್ಬರನ್ನೂ ಒಳಗೆ ಕರೆದರು. ಮುಂದೆ ವರದಿಗಳಿದ್ದವು.

“ಇದಕ್ಕ ಕವಾಸಾಕಿ ಜಡ್ಡು ಅಂತಾರ.”

“ಅದು ಗಾಡಿ ಹೆಸರಲ್ಲೇನ್ರಿ?” ಶೇಖಪ್ಪನ ಬಾಯಿಂದ ಬಂದೇ ಹೋಯಿತು. ಅಂದಾನೆಪ್ಪನ ತಮ್ಮನ ಬೈಕಿನ ಟ್ಯಾಂಕಿನ ಮೇಲೆ ಆ ಅಕ್ಷರಗಳಿದ್ದವು.

“ಹೌದು. ಇದನ್ನ ಕಂಡುಹಿಡಿದ ಡಾಕ್ಟರ ಹೆಸರೂ ಅದ.” ವೈದ್ಯೆ ನಗಲಿಲ್ಲ, ಸಿಡುಕಲೂ ಇಲ್ಲ. ವರದಿಯನ್ನು ಬದಿಗಿಟ್ಟು ಮಧುಮತಿಯ ಕಡೆ ತಿರುಗಿದರು. “ಈಗ ನೀವು ಹೇಳ್ರಿ. ಜ್ವರ ಯಾವತ್ತು ಬಂತು?”

“ಹೇಳಿದ್ನೆಲ್ಲರಿ, ಭಾನುವಾರ...”

“ನಾ ಅವರನ್ನ ಕೇಳೀನಿ,” ಎಂದರು ವೈದ್ಯೆ. “ನೋಡವ್ವಾ, ಈ ಜಡ್ಡಿನ್ಯಾಗ ಬೆರಳು ಹಿಂಗ ಸುಲೀಬೇಕಂದ್ರ ಸಾಮಾನ್ಯವಾಗಿ ಎರಡು ವಾರ ಆಗಿರ್ತೈತಿ. ರಕ್ತದಾಗ ಪ್ಲೇಟ್‌ಲೆಟ್ ಅಂತ ಇರ್ತಾವು. ನಿಮ್ಮ ಕೂಸಿಗೆ ಎಂಟೂವರೆ ಲಕ್ಷ ಅದಾವು. ಅಷ್ಟು ಏರೂದೂ ಎರಡನೇ ವಾರ ದಾಟಿದ ಮ್ಯಾಲೇ. ಯಜಮಾನ್ರು ಹತ್ತು ದಿನ ಅಂತಾರ. ಕೂಸಿನ ಮೈ ಬ್ಯಾರೆ ಹೇಳ್ತೈತಿ. ನಾ ಬೈಯೂದಿಲ್ಲ. ನನಗ ದಿನಾ ಬೇಕು, ಅಷ್ಟ.”

ಶೇಖಪ್ಪ ಹೆಂಡತಿಯ ಮುಖ ನೋಡಿದ. ಅವಳು ಮೇಜಿನ ಅಂಚನ್ನು ನೋಡುತ್ತಿದ್ದಳು.

“ಮಂಗಳವಾರ,” ಎಂದಳು.

“ಯಾವ ಮಂಗಳವಾರ?”

“ನಾಕನೇ ತಾರೀಖು. ಇವರು ಮೊದಲನೇ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ರು. ಎಂಟಕ್ಕ ಮುಟ್ಟಿದ್ರ ಸುಡ್ತಿತ್ತು ಮೈ.”

ವೈದ್ಯೆ ಪೆನ್ನಿನ ತುದಿಯಿಂದ ಕ್ಯಾಲೆಂಡರಿನ ಮೇಲೆ ಒಂದೊಂದೇ ಮನೆ ದಾಟಿದರು. ಶೇಖಪ್ಪನೂ ಅದರ ಜೊತೆ ಎಣಿಸಿದ. ಬೆರಳು ಮಡಚಲಿಲ್ಲ. ಹದಿನೈದು.

“ಬಿಟ್ಟದ್ದು?”

“ಹೋದ ಶನಿವಾರ.”

“ಹನ್ನೆರಡು ದಿನ ಇತ್ತು ಹಂಗಾದ್ರ,” ಎಂದು ವೈದ್ಯೆ ಬರೆದುಕೊಂಡರು. ಮೊದಲು ಬರೆದಿದ್ದ ಒಂಬತ್ತರ ಮೇಲೆ ಗೆರೆ ಎಳೆದು ಪಕ್ಕದಲ್ಲಿ ನಾಲ್ಕು ಎಂದು ಬರೆದರು.

ಹೃದಯಕ್ಕೆ ರಕ್ತ ಒಯ್ಯುವ ಎಡಗಡೆಯ ನಾಳ ಈ ವಯಸ್ಸಿಗೆ ಎರಡು, ಎರಡೂವರೆ ಮಿಲಿಮೀಟರ್ ಇರಬೇಕು. ನೀಲಾಳದು ಒಂದು ಕಡೆ ಉಬ್ಬಿ ಐದು ಆಗಿತ್ತು. ಅದನ್ನು ವೈದ್ಯೆ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. ಸಣ್ಣ ಕೊಳವೆ, ನಡುವೆ ಒಂದು ಗುಳ್ಳೆ.

“ಆ ಔಷಧ ಕೊಡ್ರಿ,” ಎಂದ ಶೇಖಪ್ಪ. “ಎಷ್ಟರ ಆಗಲಿ. ಸೊಸೈಟಿ ಐತಿ, ಪಿ.ಎಫ್. ಐತಿ. ಇವತ್ತ ಕೊಡ್ರಿ.”

“ದುಡ್ಡಿನ ಮಾತಲ್ಲ ಇದು. ಒಳಗ ಉರಿ ಇದ್ದಾಗ ಕೊಡೂ ಔಷಧ ಅದು. ಹತ್ತು ದಿನದ ಒಳಗಿದ್ರ ಎರಡನೇ ಮಾತಿಲ್ಲದ ಕೊಡತಿದ್ದೆ. ಈಗ ಜ್ವರ ಬಿಟ್ಟೈತಿ, ರಕ್ತದಾಗಿನ ಉರಿನೂ ತಾನ ಇಳದೈತಿ. ಉಬ್ಬೂದು ಉಬ್ಬಿ ಆಗೈತಿ. ಈಗ ಏರಿಸಿದ್ರ ಅದು ಇಳೀತೈತಿ ಅಂತ ಹೇಳಾಕ ನನಗ ಆಗೂದಿಲ್ಲ.”

“ಹಂಗಾದ್ರ ಏನು ಮಾಡೂದ್ರಿ?”

“ರಕ್ತ ಹೆಪ್ಪುಗಟ್ಟದಂಗ ದಿನಾ ಒಂದು ಸಣ್ಣ ಗುಳಿಗಿ. ಒಂದೂ ದಿನ ತಪ್ಪಸಬಾರದು. ಡಿಸೆಂಬರಿನ್ಯಾಗ ಮತ್ತ ಸ್ಕ್ಯಾನು. ಭಾಳ ಮಕ್ಕಳಿಗೆ ಒಂದೆರಡು ವರ್ಷದಾಗ ತಾನ ಸಣ್ಣದಾಗ್ತೈತಿ.” ಚಿತ್ರದ ಕಾಗದವನ್ನು ಅವನ ಕಡೆ ಸರಿಸಿದರು. “ಕೆಲವರಿಗೆ ಆಗೂದಿಲ್ಲ. ಯಾರಿಗೆ ಅಂತ ಮೊದಲ ಹೇಳಾಕ ಬರೂದಿಲ್ಲ. ಕಾಯಬೇಕು.”

*

ಹೊರಗಿನ ಬೆಂಚಿನ ಮೇಲೆ ನೀಲಾ ಎರಡೂ ಕಾಲು ಚಾಚಿ ಕುಳಿತು ಜಮುನಾಬಾಯಿ ಕೊಟ್ಟ ಶೇಂಗಾ ಸುಲಿಯುತ್ತಿದ್ದಳು. ಶೇಖಪ್ಪ ಹೆಂಡತಿಯನ್ನು ನೀರಿನ ನಲ್ಲಿಯ ಹತ್ತಿರ ಕರೆದೊಯ್ದ.

“ಐದು ದಿನ,” ಎಂದ. “ಐದು ದಿನ ಮುಚ್ಚಿಟ್ಟೆಲ್ಲ. ದಾಂಡೇಲಿ ಡಾಕ್ಟರ ಮುಂದ ನಾ ಭಾನುವಾರ ಅಂದಾಗ ನಿನ್ನ ನಾಲಿಗಿ ಎಲ್ಲಿ ಹೋಗಿತ್ತು?”

“ನೀವು ಹೇಳಿಬಿಟ್ರಿ. ಅವರು ಬರದುಬಿಟ್ರು. ಬರದಾತು ಅಂತ ಸುಮ್ಮನಾದೆ. ಒಂದು ಗುಳಿಗಿಗೆ ಹೋಗೂ ಜ್ವರಾ ಅಂತ ತಿಳಕೊಂಡಿದ್ದೆ.”

“ಮನ್ಯಾಗ ಮನಷ್ಯಾ ಇದ್ನಿಲ್ಲೋ? ಎಬ್ಬಸಾಕ ಏನಾಗಿತ್ತು ನಿನಗ?”

ಮಧುಮತಿ ತಲೆಯೆತ್ತಿದಳು. ಬೆಳಿಗ್ಗೆಯಿಂದ ಮೊದಲ ಸಲ ಅವನನ್ನು ನೇರವಾಗಿ ನೋಡಿದಳು.

“ಶ್ರಾವಣದಾಗ ಅಕಿಗೆ ಕಿವಿನೋವು ಎದ್ದಿತ್ತು. ಹಗಲಿ ಹನ್ನೊಂದಕ್ಕ ಅತ್ಲು. ನೀವು ಎದ್ದು ನೀರಿನ ತಂಬಿಗಿ ಗ್ವಾಡಿಗೆ ಒಗದ್ರಿ. ನಗ್ಗಿದ ತಂಬಿಗಿ ಇನ್ನೂ ಐತಿ, ದಿನಾ ಅದರಾಗ ನೀರು ಕುಡೀತೀರಿ. ಆವತ್ತು ಏನಂದ್ರಿ? ಮನಿಗೆ ಬೆಂಕಿ ಬಿದ್ರಷ್ಟ ನನ್ನ ಎಬ್ಬಸು ಅಂದ್ರಿ.” ಅವಳ ದನಿ ಏರಲಿಲ್ಲ. ಅವಳಿಗೂ ಪಿಸುಮಾತೇ ರೂಢಿಯಾಗಿತ್ತು. “ಬೆಂಕಿ ಬಿದ್ದಿರಲಿಲ್ಲಲ್ಲ.”

ಶೇಖಪ್ಪ ನಲ್ಲಿ ತಿರುಗಿಸಿದ. ನೀರು ಬರಲಿಲ್ಲ. ಮತ್ತೆ ಮುಚ್ಚಿದ.

“ಭಾಳ ಕಿರಿಕಿರಿ ಮಾಡ್ತಿದ್ಲು,” ಅವಳು ಮುಂದುವರಿಸಿದಳು. ಶುರುಮಾಡಿದ ಮೇಲೆ ಎಲ್ಲವನ್ನೂ ಹೇಳಿ ಮುಗಿಸಬೇಕೆಂಬಂತೆ. “ಮುಟ್ಟಿದ್ರ ಅಳೂದು, ಇಳಿಸಿದ್ರ ಅಳೂದು. ಎತ್ತಿಕೊಂಡು ಬಚ್ಚಲದಾಗ ಹೋಗಿ ಬಾಗಲಾ ಹಾಕ್ಕೊಂಡು ಕುಂದರ್ತಿದ್ದೆ. ದುರ್ಗವ್ವ ಗುಳಿಗಿ ಕೊಟ್ಟಿದ್ಲು. ಕೊಟ್ರ ನಾಕು ತಾಸು ತಣ್ಣಗ ಇರ್ತಿತ್ತು. ಒಂದು ಗಂಟೇಕ್ಕ ಒಂದು ಕೊಡ್ತಿದ್ದೆ. ಎರಡಕ್ಕ ಭೋಂಗಾ ಆಗ್ತೈತಿ, ನಿಮ್ಮ ಮ್ಯಾಲೆ ಬಂದು ಕುಂದರ್ತಾಳ, ಮೈ ಸುಡಬಾರದು ಅಂತ.”

ಆ ವಾರ ಐದು ದಿನವೂ ನೀಲಾ ಎರಡಕ್ಕೆ ಬಂದಿದ್ದಳು. ಶೇಖಪ್ಪನಿಗೆ ನೆನಪಿತ್ತು. ಓಡಿ ಬಂದಿರಲಿಲ್ಲ, ನಡೆದು ಬಂದಿದ್ದಳು. ಎದೆಯ ಮೇಲೆ ಕೂರದೆ ಕೆನ್ನೆಯಿಟ್ಟು ಮಲಗಿದ್ದಳು. ಮಗಳಿಗೆ ತನ್ನ ಮೇಲೆ ಅಕ್ಕರೆ ಹೆಚ್ಚಾಗಿದೆ ಎಂದು ಅವನು ತಿಳಿದಿದ್ದ. ಮಗುವಿನ ಹಣೆ ಬೆವರಿನಿಂದ ತಣ್ಣಗಿತ್ತು. ಆ ಮಬ್ಬಿನಲ್ಲಿ ಕಣ್ಣಿನ ಬಣ್ಣ ಯಾರಿಗೆ ಕಾಣಬೇಕು.

“ನಡಿ,” ಎಂದ ಕೊನೆಗೆ. “ಐದೂಕಾಲಿಗೆ ಬಸ್ ಐತಿ. ಹೋಗೂಣು.”

*

ಮುಂಬೈಗೆ ಕಳಿಸಿದ್ದ ರಕ್ತದ ಇನ್ನೊಂದು ವರದಿ ಎಂಟು ದಿನದ ನಂತರ ಬಂತು. ಶೇಖಪ್ಪ ಒಬ್ಬನೇ ಹೋಗಿ ತಂದ. ‘ಡಿ’ ಜೀವಸತ್ವ ಇಪ್ಪತ್ತಕ್ಕಿಂತ ಹೆಚ್ಚಿರಬೇಕಾದದ್ದು ನೀಲಾಳಿಗೆ ಆರು ಇತ್ತು.

“ಇದು ಬಿಸಿಲಿನಿಂದ ಬರೂದು,” ಎಂದರು ವೈದ್ಯೆ. “ಕೂಸನ್ನ ಬಿಸಿಲಿಗೆ ಬಿಡೂದಿಲ್ಲೇನು ನೀವು? ದಾಂಡೇಲಿಯೊಳಗ ಬಿಸಿಲಿಗೇನು ಬರಾ?”

ಅವನು ಫೆಲ್ಟಿನ ವಿಷಯ ಹೇಳಿದ. ತಾನೇ ಮೊಳೆ ಹೊಡೆದದ್ದು ಎಂದೂ ಹೇಳಿದ. ಹೇಳುವ ಅಗತ್ಯ ಇರಲಿಲ್ಲ. ಆಮೇಲೆ ಕೇಳಿದ:

“ಎದಿ ಜಡ್ಡು ಇದರಿಂದನ ಬಂತೇನ್ರಿ ಮೇಡಂ?”

ವೈದ್ಯೆ ಕನ್ನಡಕ ತೆಗೆದರು. “ಈ ಜಡ್ಡು ಯಾಕ ಬರ್ತೈತಿ ಅಂತ ಜಗತ್ತಿನ್ಯಾಗ ಯಾರಿಗೂ ಗೊತ್ತಿಲ್ಲ. ಬಿಸಿಲು ಕಂಡ ಮಕ್ಕಳಿಗೂ ಬಂದೈತಿ. ಡಿ ಕಡಿಮಿ ಇದ್ದದ್ದಕ್ಕ ನಾಳ ಹೆಚ್ಚು ಉಬ್ಬಿತೋ ಏನೋ, ಅದೂ ಗೊತ್ತಿಲ್ಲ. ಇದ್ರೂ ಇರಬಹುದು. ಇಲ್ಲ ಅಂತಲೂ ಹೇಳಾಕ ಬರೂದಿಲ್ಲ ನನಗ. ಕಾಲು ಬಾಗಿದ್ದು ಮಾತ್ರ ಇದರಿಂದನ. ಪುಡಿ ಬರದು ಕೊಡ್ತೇನಿ, ಕಾಲು ನೆಟ್ಟಗ ಆಗ್ತಾವು.”

ಹೌದು ಎಂದಿದ್ದರೆ ಒಂದು ರೀತಿ. ಇಲ್ಲ ಎಂದಿದ್ದರೆ ಇನ್ನೊಂದು. ಶೇಖಪ್ಪ ಎರಡೂ ಇಲ್ಲದೆ ಬಸ್ ಹತ್ತಿದ.

ಮನೆಗೆ ಬಂದವನೇ ಕಬ್ಬಿಣದ ಸಲಾಕೆ ಹಿಡಿದು ಕಿಟಕಿಯ ಫೆಲ್ಟು ಕಿತ್ತ. ಹನ್ನೆರಡು ಮೊಳೆ. ಬಾಗಿಲಿನದೂ ಕಿತ್ತ. ಇಷ್ಟು ವರ್ಷದ ಧೂಳು ಬೆಳಕಿನಲ್ಲಿ ಎದ್ದು ನಿಂತಿತು. ಗೋಡೆಯ ಮೇಲೆ ತಂಬಿಗೆ ಬಡಿದ ಗುರುತು, ಮೂಲೆಯ ಜೇಡ, ಮಧುಮತಿಯ ಕಿವಿಯ ಹತ್ತಿರ ನಾಲ್ಕು ಬಿಳಿ ಕೂದಲು, ಎಲ್ಲವೂ ಕಂಡವು. ನೀಲಾ ಮೊಣಕೈಯಿಂದ ಕಣ್ಣು ಮುಚ್ಚಿಕೊಂಡು ತಾಯಿಯ ಸೀರೆಯ ಹಿಂದೆ ಸರಿದಳು.

ಡಿಸೆಂಬರ್ ಹದಿನಾರಕ್ಕೆ ಮತ್ತೆ ಸ್ಕ್ಯಾನು ಆಯಿತು. ಹೃದಯದ ಡಾಕ್ಟರು ಅದೇ ಜಾಗವನ್ನು ಮತ್ತೆ ಮೂರು ಸಲ ಅಳೆದರು. ಐದು. ಹೆಚ್ಚಾಗಿರಲಿಲ್ಲ, ಕಡಿಮೆಯೂ ಆಗಿರಲಿಲ್ಲ. ಮುಂದಿನದು ಮೇ ತಿಂಗಳಲ್ಲಿ.

“ಆಡಾಕ ಬಿಡ್ರಿ,” ಎಂದಿದ್ದರು ವೈದ್ಯೆ. “ಓಡಲಿ, ಕುಣೀಲಿ, ಒದರಲಿ. ಜೋರಾಗಿ ಬೀಳೂ ಆಟಾ ಒಂದು ಬ್ಯಾಡ. ಮೂಲ್ಯಾಗ ಕೂಡಸಬ್ಯಾಡ್ರಿ.”

*

ಜನವರಿ ಮೊದಲ ವಾರ ಶೇಖಪ್ಪನಿಗೆ ಸಿ ಪಾಳಿ ಬಂತು. ಮಂಗಳವಾರ ಬೆಳಿಗ್ಗೆ ಆರೂವರೆಗೆ ಬಂದು, ಸ್ನಾನ ಮಾಡಿ, ರೊಟ್ಟಿ ತಿಂದು ಮಲಗಿದ. ಚಿಲಕಕ್ಕೆ ಪಟ್ಟಿ ಕಟ್ಟಬೇಡವೆಂದು ಮಧುಮತಿಗೆ ಹೇಳಿದ್ದ. ಅವಳು ಕಟ್ಟಿರಲಿಲ್ಲ. ಆದರೂ ಚಾಳಕ್ಕೆಲ್ಲ ಅವನ ಪಾಳಿ ಗೊತ್ತಿತ್ತು. ಕಾಯಿಪಲ್ಲೆಯ ಗೋದುಬಾಯಿ ಅವರ ಬಾಗಿಲು ದಾಟುವವರೆಗೆ ಬಾಯಿ ಮುಚ್ಚಿಕೊಂಡು ಹೋಗಿ, ಮೂರನೆಯ ಮನೆಯಿಂದ “ಮೆಂತ್ಯೇ, ಸಬ್ಬಸಗೀ” ಎಂದು ಶುರುಮಾಡಿದಳು.

ಹತ್ತರ ಹೊತ್ತಿಗೆ ಬಿಸಿಲು ಕಿಟಕಿಯಿಂದ ಇಳಿದು ನೇರ ಅವನ ಮುಖದ ಮೇಲೆ ಬಂತು. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆಲ್ಲ ಕೆಂಪು. ಮಗ್ಗುಲಾದ. ಒಂದು ಲಾರಿ ಹೋಯಿತು, ಅದರ ಹಿಂದೆ ಇನ್ನೊಂದು. ಹನ್ನೆರಡು ತಾಸಿನ ನಂತರ ಮತ್ತೆ ಯಂತ್ರದ ಮುಂದೆ ನಿಲ್ಲಬೇಕು. ಮೂಲೆಯಲ್ಲಿ ಸುತ್ತಿಟ್ಟಿದ್ದ ಫೆಲ್ಟನ್ನು ನೋಡಿದ. ಎದ್ದು ಹೊರಗೆ ಬಂದ.

ಹೊಸ್ತಿಲ ಆಚೆ, ಕಟ್ಟೆಯ ಮೇಲೆ, ನೀಲಾ ಕುಳಿತಿದ್ದಳು. ಮಧುಮತಿ ಕೊಬ್ಬರಿ ಎಣ್ಣೆ ಹಚ್ಚಿ ಕೂರಿಸಿದ್ದಳು. ಕೈಕಾಲು ಬಿಸಿಲಿಗೆ ಮಿನುಗುತ್ತಿದ್ದವು. ಬೆರಳ ತುದಿಯ ಚರ್ಮ ಪೂರ್ತಿ ಹೊಸದಾಗಿ, ಉಳಿದ ಕೈಗಿಂತ ತುಸು ಕೆಂಪಾಗಿತ್ತು. ಎರಡು ಡಬ್ಬಿ ಮುಚ್ಚಳಗಳನ್ನು ಒಂದಕ್ಕೊಂದು ತಾಗದಂತೆ, ಸದ್ದಾಗದಂತೆ ಜೋಡಿಸಿ ಆಡುತ್ತಿದ್ದಳು. ಆಚೆ ಮನೆಯ ಮಕ್ಕಳು ಚೆಂಡು ಹಿಡಿದು ದೂರ ಹೋಗಿದ್ದರು.

ಶೇಖಪ್ಪ ಪಕ್ಕದಲ್ಲಿ ಕುಳಿತ.

“ನೀಲವ್ವಾ, ನನಗ ನಿದ್ದಿ ಬಂದಿಲ್ಲ. ಎದ್ದೇನಿ ನೋಡು.”

ಅವಳು ನೋಡಿದಳು.

“ಒದರು. ಯಪ್ಪಾ ಅಂತ ಒದರು ಒಮ್ಮೆ.”

ಅವಳು ಒಳಗೆ ತಾಯಿಯ ಕಡೆ ನೋಡಿದಳು. ರೊಟ್ಟಿಯ ಹಿಟ್ಟು ಹಚ್ಚಿದ ಕೈಯಲ್ಲೇ ಮಧುಮತಿ ಬಾಗಿಲಿಗೆ ಬಂದು ನಿಂತಿದ್ದಳು. “ಒದರವ್ವಾ,” ಎಂದಳು. “ಅಪ್ಪ ಎದ್ದಾನ. ಯಾರರ ಮಲಗ್ಯಾರೇನು ಈಗ?”

“ಹಿಂಗ ನೋಡು,” ಎಂದ ಶೇಖಪ್ಪ. ರಸ್ತೆಯ ಕಡೆ ಮುಖ ಮಾಡಿ, “ಓಹೋಯ್!” ಎಂದು ಕೂಗಿದ. ದುರ್ಗವ್ವ ಬಾಗಿಲಿನಿಂದ ತಲೆ ಹೊರಹಾಕಿ, ಏನೂ ತಿಳಿಯದೆ ಮತ್ತೆ ಒಳಗೆಳೆದುಕೊಂಡಳು. ತಂತಿಯ ಮೇಲಿನ ಕಾಗೆ ಹಾರಿಹೋಯಿತು.

ನೀಲಾ ಗಾಬರಿಯಿಂದ ಎದ್ದು ನಿಂತಳು. ಹೊಸ ಚರ್ಮದ ಬೆರಳನ್ನು ಅವನ ತುಟಿಯ ಮೇಲಿಟ್ಟಳು. ಕಿವಿಯ ಹತ್ತಿರ ಬಾಯಿ ತಂದಳು. ಉಸಿರು ಬೆಚ್ಚಗಿತ್ತು.

“ಇನ್ನೂ ಭೋಂಗಾ ಆಗಿಲ್ಲಪ್ಪಾ.”

ಅವನು ತುಟಿಯ ಮೇಲಿನ ಬೆರಳನ್ನು ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳೇ ತೆಗೆದು, ಅವನ ಪಕ್ಕಕ್ಕೆ ಒರಗಿ ಕುಳಿತು, ಮುಚ್ಚಳಗಳನ್ನು ಮತ್ತೆ ಜೋಡಿಸತೊಡಗಿದಳು. ಗಂಟೆ ಹತ್ತೂವರೆ ಆಗಿರಬೇಕು. ನೆರಳು ಕಟ್ಟೆಯ ಅಂಚಿನವರೆಗೆ ಸರಿದಿತ್ತು. ಶೇಖಪ್ಪ ಕಾಲು ಬಿಸಿಲಿಗೆ ಚಾಚಿ, ಮಿಲ್ಲಿನ ಚಿಮಣಿಯ ಕಡೆ ನೋಡುತ್ತ, ಎರಡಾಗುವುದನ್ನೇ ಕಾಯುತ್ತ ಕುಳಿತ.